ಸುತ್ತಿಗೆಯಿಂದ ಓದಿದ ಇತಿಹಾಸ: ಉಕ್ಕಿನ ಕವಚದ ಕಥೆ

ಪ್ರೌಢಶಾಲೆಯಲ್ಲಿ ಮಧ್ಯಯುಗದ ಯುರೋಪಿನ ಊಳಿಗಮಾನ್ಯ ಪದ್ಧತಿಯ ಪಾಠ ನಡೆಯುವಾಗ ನೈಟ್ ಎಂಬ ಕುದುರೆ ಸವಾರ ಯೋಧನ ಚಿತ್ರ ಮಕ್ಕಳ ಕಣ್ಣಿಗೆ ಬೀಳುತ್ತದೆ. ತಲೆಯಿಂದ ಕಾಲ್ಬೆರಳಿನವರೆಗೆ ಉಕ್ಕಿನ ತಗಡು, ಮುಖ ಕಾಣುವುದಿಲ್ಲ, ಕಣ್ಣಿನ ಜಾಗದಲ್ಲಿ ಒಂದು ಸೀಳು ಮಾತ್ರ. ಊಳಿಗಮಾನ್ಯ ಪದ್ಧತಿಯ ಲಕ್ಷಣಗಳನ್ನು ಕೇಳುವ ಮೊದಲೇ ಮಕ್ಕಳು ಬೇರೆ ಪ್ರಶ್ನೆ ಕೇಳುತ್ತಾರೆ: ಇದನ್ನು ಹಾಕಿಕೊಂಡು ನಡೆಯುತ್ತಿದ್ದುದು ಹೇಗೆ? ಕುದುರೆಯಿಂದ ಬಿದ್ದರೆ ಏಳುತ್ತಿದ್ದುದು ಹೇಗೆ? ಇದನ್ನು ಮಾಡಿದವರು ಯಾರು?

ಈ ಪ್ರಶ್ನೆಗಳು ಸಣ್ಣವಲ್ಲ. ಬಹಳ ಕಾಲ ವಿದ್ವಾಂಸರೂ ಇವುಗಳಿಗೆ ತಪ್ಪು ಉತ್ತರ ಕೊಟ್ಟಿದ್ದರು. ಸರಿಯಾದ ಉತ್ತರದ ಬಹುಭಾಗ ದೊರೆತದ್ದು ಗ್ರಂಥಾಲಯದಲ್ಲಲ್ಲ, ಸುತ್ತಿಗೆ ಹಿಡಿದು ಅಂಥದೇ ಕವಚವನ್ನು ಮತ್ತೆ ಮಾಡಿ, ತೊಟ್ಟು, ಓಡಿ ನೋಡಿದವರಿಂದ. ಅವರಲ್ಲಿ ವಸ್ತುಸಂಗ್ರಹಾಲಯದ ಕುಶಲಕರ್ಮಿಗಳೂ ಇದ್ದಾರೆ, ತಮ್ಮ ಮನೆಯ ಹಿತ್ತಿಲಿನ ಶೆಡ್ಡಿನಲ್ಲಿ ತಗಡು ಬಡಿದ ಸಾಮಾನ್ಯರೂ ಇದ್ದಾರೆ. ಒಮ್ಮೆ ಕಳೆದುಹೋದ ವಿದ್ಯೆಯನ್ನು ಕೈಯಿಂದಲೇ ಹುಡುಕಿ ತೆಗೆದ ಈ ಪ್ರಯತ್ನದಲ್ಲಿ ನಮ್ಮ ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಂದು ಪಾಠವಿದೆ. ಅದನ್ನು ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಜಿರಹ್‌ನಿಂದ ತಗಡಿನವರೆಗೆ

ತಗಡಿನ ಕವಚಕ್ಕಿಂತ ಬಹಳ ಹಳೆಯದು ಕಬ್ಬಿಣದ ಸಣ್ಣ ಬಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಹೆಣೆದ ಕವಚ. ಉರ್ದು ಮತ್ತು ಫಾರ್ಸಿಯಲ್ಲಿ ಇದಕ್ಕೆ ಜಿರಹ್ ಎನ್ನುತ್ತಾರೆ. ಪವಿತ್ರ ಕುರ್‌ಆನಿನ ಅಂಬಿಯಾ ಮತ್ತು ಸಬಾ ಅಧ್ಯಾಯಗಳಲ್ಲಿ ಪ್ರವಾದಿ ದಾವೂದ್ (ಅ) ಅವರಿಗೆ ಕವಚ ಮಾಡುವ ವಿದ್ಯೆ ಕಲಿಸಲ್ಪಟ್ಟ ಪ್ರಸ್ತಾಪವಿದೆ. ಕೊಂಡಿಗಳ ಅಳತೆ ಸರಿಯಾಗಿರಬೇಕೆಂಬ ಸೂಚನೆಯೂ ಅಲ್ಲಿದೆ. ಕವಚದ ಕೆಲಸದಲ್ಲಿ ಬಲಕ್ಕಿಂತ ಅಳತೆ ಮುಖ್ಯ ಎಂಬ ಮಾತನ್ನು ಈ ಲೇಖನದ ಕೊನೆಯವರೆಗೂ ನೆನಪಿಟ್ಟುಕೊಳ್ಳಬೇಕು.

ಜಿರಹ್‌ನಲ್ಲಿ ಸಾಮಾನ್ಯವಾಗಿ ಒಂದೊಂದು ಬಳೆಯೂ ಪಕ್ಕದ ನಾಲ್ಕು ಬಳೆಗಳ ಮೂಲಕ ಹಾದುಹೋಗುತ್ತದೆ. ಅದು ಬಟ್ಟೆಯಂತೆ ಬಾಗುತ್ತದೆ, ಕತ್ತಿಯ ಕೊಯ್ತವನ್ನು ತಡೆಯುತ್ತದೆ. ಆದರೆ ಗದೆಯ ಪೆಟ್ಟು ಬಿದ್ದರೆ ಒಳಗಿನ ಮೂಳೆ ಮುರಿಯುತ್ತದೆ. ಕುದುರೆಯ ಓಟದ ವೇಗದಲ್ಲಿ ಬರುವ ಭರ್ಜಿಯೂ ಬಲವಾದ ಬಿಲ್ಲಿನ ಬಾಣವೂ ಬಳೆಗಳನ್ನು ಹರಿಯಬಲ್ಲವು. ಆದ್ದರಿಂದ 13ನೆಯ ಶತಮಾನದಿಂದ ಯುರೋಪಿನ ಯೋಧರು ಜಿರಹ್‌ನ ಮೇಲೆ ಮೊಣಕಾಲು, ಮೊಣಕೈ ಮುಂತಾದ ಜಾಗಗಳಿಗೆ ಗಟ್ಟಿ ತುಂಡುಗಳನ್ನು ಕಟ್ಟತೊಡಗಿದರು. ನಂತರ ದಪ್ಪ ಬಟ್ಟೆ ಅಥವಾ ಚರ್ಮದ ಒಳಭಾಗಕ್ಕೆ ಕಬ್ಬಿಣದ ಪಟ್ಟಿಗಳನ್ನು ರಿವೆಟ್ ಹೊಡೆದು ಜೋಡಿಸಿದ ಅಂಗಿಗಳು ಬಂದವು.

ಈ ನಡುವಣ ಹಂತದ ಬಗ್ಗೆ ನಮಗೆ ಸಿಕ್ಕ ಅತ್ಯುತ್ತಮ ಸಾಕ್ಷ್ಯ ಒಂದು ದುರಂತದಿಂದ ಬಂದಿದೆ. 1361ರ ಜುಲೈ 27ರಂದು ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ಡೆಮಾರನ ಸೈನ್ಯ ಗಾಟ್ಲೆಂಡ್ ದ್ವೀಪದ ವಿಸ್ಬಿ ಪಟ್ಟಣದ ಗೋಡೆಯ ಹೊರಗೆ ಅಲ್ಲಿನ ರೈತರ ಪಡೆಯನ್ನು ಕೊಂದು ಕೆಡವಿತು. ಸತ್ತವರನ್ನು ಸಾಮೂಹಿಕ ಗುಂಡಿಗಳಲ್ಲಿ ಹೂಳಲಾಯಿತು, ಅನೇಕರನ್ನು ಕವಚದ ಸಮೇತವೇ. 20ನೆಯ ಶತಮಾನದ ಆರಂಭದ ದಶಕಗಳಲ್ಲಿ ನಡೆದ ಉತ್ಖನನದಲ್ಲಿ ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳೂ ಅವರು ತೊಟ್ಟಿದ್ದ ಕವಚಗಳೂ ದೊರೆತವು. ಸ್ವೀಡನ್ನಿನ ವಿದ್ವಾಂಸ ಬೆಂಗ್ಟ್ ಥೋರ್ಡೆಮಾನ್ ಈ ಕವಚಗಳ ತಗಡುಗಳನ್ನೂ ರಿವೆಟ್‌ಗಳ ಸ್ಥಾನವನ್ನೂ ದಾಖಲಿಸಿ 1939-40ರಲ್ಲಿ ಪ್ರಕಟಿಸಿದರು. ಇಂದು ಮನೆಯಲ್ಲಿ ಇಂಥ ಕವಚ ಮಾಡುವವರಿಗೆ ಆ ದಾಖಲೆಯೇ ಮೊದಲ ಪಾಠ.

ಸುಮಾರು 1420ರ ಹೊತ್ತಿಗೆ ತಗಡುಗಳು ಇಡೀ ದೇಹವನ್ನು ಮುಚ್ಚಿದವು. ಜಿರಹ್ ಕಂಕುಳು, ತೊಡೆಸಂದು ಮುಂತಾದ ಸಂದುಗಳಿಗೆ ಮಾತ್ರ ಉಳಿಯಿತು.

ಉಸ್ತಾದರ ಊರುಗಳು

ಇಂಥ ಕವಚವನ್ನು ಊರೂರಿನ ಕಮ್ಮಾರ ಮಾಡುತ್ತಿರಲಿಲ್ಲ. ಅದಕ್ಕೆಂದೇ ಹೆಸರಾದ ಊರುಗಳಿದ್ದವು, ಮನೆತನಗಳಿದ್ದವು. ಇಟಲಿಯ ಮಿಲಾನಿನಲ್ಲಿ ಮಿಸ್ಸಾಗ್ಲಿಯಾ ಮನೆತನ, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೊರೆಂಜ್ ಹೆಲ್ಮ್‌ಶ್ಮಿಡ್ ಮತ್ತು ಅವನ ಮಗ ಕೋಲ್ಮನ್, ಇನ್ಸ್‌ಬ್ರುಕ್‌ನಲ್ಲಿ ಕೊನ್ರಾಡ್ ಸೊಯ್ಸೆನ್‌ಹೋಫರ್. ಇವರು ಚಕ್ರವರ್ತಿಗಳಿಗೆ ಕವಚ ಮಾಡಿದವರು. ಲಂಡನ್ನಿನ ಕವಚಗಾರರ ಸಂಘ 1322ರಷ್ಟು ಹಳೆಯದು. ಆದರೂ ಉತ್ತಮ ಕವಚಕ್ಕೆ ಇಂಗ್ಲೆಂಡ್ ಹೊರದೇಶಗಳ ಕಡೆಗೇ ನೋಡಬೇಕಿತ್ತು. ಅದಕ್ಕಾಗಿ ಎಂಟನೆಯ ಹೆನ್ರಿ 16ನೆಯ ಶತಮಾನದ ಎರಡನೆಯ ದಶಕದಲ್ಲಿ ಹೊರಗಿನ ಕುಶಲಕರ್ಮಿಗಳನ್ನು ಕರೆಸಿ ಗ್ರೀನಿಚ್‌ನಲ್ಲಿ ಅರಮನೆಯ ಕಾರ್ಖಾನೆ ತೆರೆದ.

ಇಲ್ಲಿ ಕೆಲಸ ಹಂಚಿಕೆಯಾಗಿತ್ತು. ತಗಡು ಬಡಿಯುವವರು, ಅರೆದು ಹೊಳಪು ಕೊಡುವವರು, ಬಕಲು ಕೀಲುಗಳನ್ನು ಕೂರಿಸುವವರು ಬೇರೆ ಬೇರೆ. ಸಿದ್ಧವಾದ ಕವಚದ ಮೇಲೆ ಕುಶಲಕರ್ಮಿಯ ಗುರುತು ಬೀಳುತ್ತಿತ್ತು. ನ್ಯೂರೆಂಬರ್ಗ್‌ನಂಥ ನಗರದಲ್ಲಿ ತಪಾಸಣೆಯಾದ ಮೇಲೆ ಊರಿನ ಮುದ್ರೆಯೂ ಬೀಳುತ್ತಿತ್ತು. ಹುಡುಗರು ಚಿಕ್ಕ ವಯಸ್ಸಿನಲ್ಲಿ ಉಸ್ತಾದನ ಕೈಕೆಳಗೆ ಸೇರಿ, ನೋಡಿ ನೋಡಿ, ಬಡಿದು ಬಡಿದು ಕಲಿಯುತ್ತಿದ್ದರು.

ಬರೆದಿಡದ ವಿದ್ಯೆ

ಇಲ್ಲಿಯೇ ನಮ್ಮ ಕಥೆಯ ಮುಖ್ಯ ಅಂಶವಿದೆ. ಮಧ್ಯಯುಗದ ಯಾವ ಕವಚಗಾರನೂ ತನ್ನ ಕೆಲಸದ ವಿಧಾನವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿ ಬರೆದ ಪುಸ್ತಕ ನಮಗೆ ಉಳಿದು ಬಂದಿಲ್ಲ. ಗ್ರೀನಿಚ್ ಕಾರ್ಖಾನೆಯ ಮುಖ್ಯಸ್ಥ ಜೇಕಬ್ ಹಾಲ್ಡರನ ಚಿತ್ರಗಳ ಸಂಪುಟ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಸರದಾರರ ಕವಚಗಳ ಆಕಾರ, ಅಲಂಕಾರ, ಬಣ್ಣಗಳೆಲ್ಲ ಇವೆ. ಆದರೆ ಸುತ್ತಿಗೆಯನ್ನು ಎಲ್ಲಿ, ಎಷ್ಟು ಬಲದಿಂದ, ಯಾವ ಕೋನದಲ್ಲಿ ಬೀಸಬೇಕು ಎಂಬುದು ಅದರಲ್ಲಿ ಇಲ್ಲ. ಅದು ಕೈಯಿಂದ ಕೈಗೆ ಸಾಗುವ ವಿದ್ಯೆಯಾಗಿತ್ತು.

ಕೋವಿ ಬಲಗೊಂಡಂತೆ ಕವಚ ದಪ್ಪವಾಯಿತು, ಭಾರವಾಯಿತು. 17ನೆಯ ಶತಮಾನದಲ್ಲಿ ಸೈನಿಕರು ಒಂದೊಂದೇ ಭಾಗವನ್ನು ಬಿಡುತ್ತಾ ಬಂದರು. ಗ್ರೀನಿಚ್ ಕಾರ್ಖಾನೆ ಆ ಶತಮಾನದ ಮಧ್ಯಭಾಗದ ಅಂತರ್ಯುದ್ಧದ ಹೊತ್ತಿಗೆ ಮುಚ್ಚಿಹೋಯಿತು. ಬೇಡಿಕೆ ಹೋದ ಮೇಲೆ ಶಿಷ್ಯರು ಬರಲಿಲ್ಲ. ಶಿಷ್ಯರಿಲ್ಲದ ಮೇಲೆ ಉಸ್ತಾದರೊಂದಿಗೆ ವಿದ್ಯೆಯೂ ಮಣ್ಣಾಯಿತು. ಆಸ್ಟ್ರಿಯಾದ ಗ್ರಾಜ್ ನಗರದ ಹಳೆಯ ಶಸ್ತ್ರಾಗಾರದಲ್ಲಿ ಇಂದಿಗೂ ಸುಮಾರು 32,000 ಶಸ್ತ್ರ ಮತ್ತು ಕವಚಗಳಿವೆ. ವಸ್ತು ಉಳಿಯಿತು, ವಿದ್ಯೆ ಉಳಿಯಲಿಲ್ಲ.

ವೇಷ ಮತ್ತು ವಾಸ್ತವ

ವಿದ್ಯೆ ಹೋದ ಜಾಗಕ್ಕೆ ಕಲ್ಪನೆ ಬರುತ್ತದೆ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ನೈಟ್‌ಗಳ ಕಾಲದ ಬಗ್ಗೆ ದೊಡ್ಡ ಮೋಹ ಹುಟ್ಟಿತು. 1839ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್ ಎಂಬಲ್ಲಿ ಶ್ರೀಮಂತರು ಕವಚ ತೊಟ್ಟು ಭರ್ಜಿ ಕಾಳಗದ ಮೇಳ ನಡೆಸಿದರು. ಅವರಿಗೆ ಕವಚ ಪೂರೈಸಿದವನು ಲಂಡನ್ನಿನ ವ್ಯಾಪಾರಿ ಸ್ಯಾಮ್ಯುಯೆಲ್ ಪ್ರ್ಯಾಟ್. ಮೊದಲ ದಿನವೇ ಧಾರಾಕಾರ ಮಳೆ ಸುರಿದು ಮೇಳ ಕೆಸರುಪಾಲಾಯಿತು. ಇದೇ ಪ್ರ್ಯಾಟ್ ಹೊಸದಾಗಿ ಮಾಡಿಸಿದ ಕವಚಗಳನ್ನು ಹಳೆಯವೆಂದು ಮಾರಿದ ಅಪಖ್ಯಾತಿಗೂ ಒಳಗಾದವನು.

ಮೇಳಗಳಲ್ಲಿ ಆಡುವ ಭರ್ಜಿ ಕಾಳಗಕ್ಕೆಂದೇ ಹಿಂದಿನವರು ಮಾಡಿಸುತ್ತಿದ್ದ ವಿಶೇಷ ಕವಚ 40 ಕಿಲೋ ದಾಟುವುದುಂಟು. ಅದು ಕುದುರೆಯ ಮೇಲೆ ಕೆಲವು ನಿಮಿಷಗಳ ಆಟಕ್ಕೆ ಮಾತ್ರ. ಯುದ್ಧಭೂಮಿಯ ಕವಚವೂ ಹೀಗೆಯೇ ಎಂದು ಜನ ತಿಳಿದರು. ನೈಟ್‌ನನ್ನು ಕುದುರೆಯ ಮೇಲೆ ಕೂರಿಸಲು ರಾಟೆ, ಹಗ್ಗ ಬೇಕಿತ್ತು, ಬಿದ್ದರೆ ಅವನು ಮಗುಚಿದ ಆಮೆಯಂತೆ ಬಿದ್ದೇ ಇರುತ್ತಿದ್ದ ಎಂಬ ಮಾತು ಹಬ್ಬಿತು. 1944ರಲ್ಲಿ ಬಂದ ಲಾರೆನ್ಸ್ ಒಲಿವಿಯರ್ ಅವರ ‘ಹೆನ್ರಿ ದಿ ಫಿಫ್ತ್’ ಚಲನಚಿತ್ರದಲ್ಲಿ ಯೋಧನನ್ನು ರಾಟೆಯಿಂದ ಕುದುರೆಯ ಮೇಲೆ ಇಳಿಸುವ ದೃಶ್ಯವೇ ಇದೆ. ಪರದೆಯ ಮೇಲೆ ಒಮ್ಮೆ ಕಂಡದ್ದು ಪಾಠದ ಪುಸ್ತಕಕ್ಕಿಂತ ಗಟ್ಟಿಯಾಗಿ ನೆನಪಿನಲ್ಲಿ ಉಳಿಯುತ್ತದೆ.

ಈ ಕಲ್ಪನೆಯ ವಿರುದ್ಧ ಮೊದಲು ಎದ್ದು ನಿಂತವರಲ್ಲಿ ಅಮೆರಿಕದ ಬ್ಯಾಷ್‌ಫರ್ಡ್ ಡೀನ್ ಪ್ರಮುಖರು. ಅವರು ಮೂಲತಃ ಮೀನುಗಳ ಅಧ್ಯಯನ ಮಾಡಿದ ಪ್ರಾಣಿಶಾಸ್ತ್ರಜ್ಞ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಶಸ್ತ್ರ ಮತ್ತು ಕವಚ ವಿಭಾಗದ ಮೊದಲ ಮುಖ್ಯಸ್ಥರೂ ಆದರು. ಫ್ರಾನ್ಸಿನಿಂದ ಬಂದ ಡೇನಿಯಲ್ ಟಾಶೊ ಎಂಬ ಕವಚಗಾರ ಆ ಸಂಗ್ರಹಾಲಯದಲ್ಲಿಯೇ ಅಡಿಗಲ್ಲು ಇಟ್ಟುಕೊಂಡು ಹಳೆಯ ಕವಚಗಳ ರಿಪೇರಿ ಮಾಡುತ್ತಿದ್ದರು. 1924ರಲ್ಲಿ ಡೀನ್ ಕವಚ ತೊಟ್ಟವರು ನಡೆದಾಡುವುದನ್ನು ಚಿತ್ರೀಕರಿಸಿ ಜನರಿಗೆ ತೋರಿಸಿದರು. ಅದಕ್ಕೂ ಮೊದಲು, ಮೊದಲನೆಯ ಮಹಾಯುದ್ಧದಲ್ಲಿ, ಈ ಪುರಾತನ ವಿದ್ಯೆ ಹೊಸ ಕೆಲಸಕ್ಕೆ ಬಂದಿತ್ತು. 1914ರಲ್ಲಿ ಯುರೋಪಿನ ಬಹುತೇಕ ಸೈನಿಕರು ಬಟ್ಟೆ ಅಥವಾ ಚರ್ಮದ ಟೋಪಿ ಧರಿಸಿ ಯುದ್ಧಕ್ಕೆ ಹೋದರು. ತೋಪಿನ ಚೂರುಗಳಿಗೆ ತಲೆಗಳು ಒಡೆದ ಮೇಲೆ 1915ರಲ್ಲಿ ಉಕ್ಕಿನ ಶಿರಸ್ತ್ರಾಣ ಮರಳಿ ಬಂತು. ಅಮೆರಿಕದ ಸೈನ್ಯಕ್ಕಾಗಿ ಡೀನ್ ರೂಪಿಸಿದ ಹೊಸ ಶಿರಸ್ತ್ರಾಣಗಳ ಮಾದರಿಗಳನ್ನು ಬಡಿದು ಕೊಟ್ಟದ್ದು ಸಂಗ್ರಹಾಲಯದ ಅದೇ ಅಡಿಗಲ್ಲು.

ಮನೆಯ ಶೆಡ್ಡಿನಲ್ಲಿ

ಆನಂತರ ಈ ಕೆಲಸ ಸಾಮಾನ್ಯರ ಮನೆಗೂ ಬಂತು. 1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮಧ್ಯಯುಗದ ಬದುಕನ್ನು ಅಭಿನಯಿಸಿ ಕಲಿಯುವ ಒಂದು ಸಂಘ ಆರಂಭವಾಯಿತು. ಅಂಥ ಸಂಘಗಳ ಸದಸ್ಯರಿಗೆ ಕವಚ ಬೇಕಿತ್ತು, ಕೊಳ್ಳಲು ಸಿಗುತ್ತಿರಲಿಲ್ಲ. ಆರಂಭದಲ್ಲಿ ಕೆಲವರು ಗ್ಯಾಸಿನ ಖಾಲಿ ಡಬ್ಬಿಗಳನ್ನೇ ಕತ್ತರಿಸಿ ಶಿರಸ್ತ್ರಾಣ ಮಾಡಿಕೊಂಡರು. ಕ್ರಮೇಣ ಕೆಲವರಿಗೆ ‘ಕವಚದಂತೆ ಕಾಣುವುದು’ ಸಾಲದೆನಿಸಿ ‘ಕವಚವೇ ಆಗಿರುವುದು’ ಬೇಕೆನಿಸಿತು. ಅವರು ಚಾರ್ಲ್ಸ್ ಫೋಕ್ಸ್ 1912ರಲ್ಲಿ ಕವಚಗಾರರ ಕಸುಬಿನ ಬಗ್ಗೆ ಬರೆದ ಪುಸ್ತಕವನ್ನು ಓದಿದರು, ಸಂಗ್ರಹಾಲಯಗಳಿಗೆ ಹೋಗಿ ಅಳತೆ ತೆಗೆದುಕೊಂಡರು. 2000ದಲ್ಲಿ ಬ್ರಯಾನ್ ಪ್ರೈಸ್ ಅವರು 14ನೆಯ ಶತಮಾನದ ಕವಚವನ್ನು ಮತ್ತೆ ಮಾಡುವ ವಿಧಾನಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು.

ಮೊದಲ ಕೆಲಸ ಸುತ್ತಿಗೆಯದಲ್ಲ, ಓದಿನದು. ಯಾವ ವರ್ಷ, ಯಾವ ಊರು, ಎಂಥ ಯೋಧ ಎಂದು ನಿಶ್ಚಯಿಸಬೇಕು. 1380ರ ಶಿರಸ್ತ್ರಾಣಕ್ಕೆ 1480ರ ಕೈಗವಸು ಸೇರಿಸಿದರೆ ಅದು ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಅಶೋಕ ಚಕ್ರವರ್ತಿ ಕೈಗಡಿಯಾರ ಕಟ್ಟಿ ಬಂದಂತೆ. ಆಧಾರಗಳು ಹಲವು ಕಡೆ ಇವೆ. ಗ್ಲಾಸ್ಗೋ ನಗರದ ಸಂಗ್ರಹಾಲಯದಲ್ಲಿ ಸುಮಾರು 1440ರ ಮಿಲಾನಿನ ಕವಚವೊಂದು ಬಹುತೇಕ ಪೂರ್ಣವಾಗಿ ಉಳಿದಿದೆ. ಇಂಗ್ಲೆಂಡಿನ ವಾರಿಕ್ ಪಟ್ಟಣದ ಚರ್ಚಿನಲ್ಲಿ 1439ರಲ್ಲಿ ತೀರಿಕೊಂಡ ರಿಚರ್ಡ್ ಬೋಶಾಂಪನ ಗೋರಿಯ ಮೇಲಿನ ಲೋಹದ ಪ್ರತಿಮೆಯಲ್ಲಿ ಯಾರಿಗೂ ಕಾಣದ ಬೆನ್ನಿನ ಭಾಗದ ಪಟ್ಟಿ, ಬಕಲುಗಳನ್ನೂ ಶಿಲ್ಪಿ ಬಿಡದೆ ತೋರಿಸಿದ್ದಾನೆ. ಇಟಲಿಯ ಮಾಂಟುವಾ ಬಳಿಯ ಒಂದು ಚರ್ಚಿನಲ್ಲಿ ಹರಕೆಯ ಬೊಂಬೆಗಳಿಗೆ ತೊಡಿಸಿದ್ದ ಕವಚಗಳ ಮೇಲೆ ಬಣ್ಣ ಬಳಿದಿದ್ದರು. ಅವು ನಿಜವಾದ 15ನೆಯ ಶತಮಾನದ ಉಕ್ಕಿನ ಕವಚಗಳೆಂದು ಇಂಗ್ಲೆಂಡಿನ ಜೇಮ್ಸ್ ಮಾನ್ ಗುರುತಿಸಿ 1930ರಲ್ಲಿ ವಿವರವಾಗಿ ಪ್ರಕಟಿಸಿದರು. ಸಲಕರಣೆಗಳ ಬಗ್ಗೆ ತಿಳಿಯಲು ಡೋವರ್ ಕೋಟೆಯ 14ನೆಯ ಶತಮಾನದ ದಾಸ್ತಾನು ಪಟ್ಟಿಯಂಥ ಕಾಗದಪತ್ರಗಳಿವೆ. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಕವಚದ ಕಾರ್ಖಾನೆಗೆ ಭೇಟಿ ಕೊಟ್ಟ ದೃಶ್ಯದ ಮರದಚ್ಚಿನ ಚಿತ್ರವೂ ಇದೆ.

ಎರಡನೆಯದು ಅಳತೆ. ಕವಚವನ್ನು ತೊಡುವವನ ಮೈಗೆ ಒಳಗೆ ಹತ್ತಿ ತುಂಬಿ ಹೊಲಿದ ದಪ್ಪ ಅಂಗಿಯನ್ನು ಮೊದಲು ತೊಡಿಸಿ, ಅದರ ಮೇಲೆ ಅಳತೆ ತೆಗೆಯಬೇಕು. ಈ ಅಂಗಿಗೆ ಕಟ್ಟಿರುವ ದಾರಗಳಿಗೇ ಕೈಕಾಲುಗಳ ಕವಚ ತೂಗುವುದು. ಎದೆಗವಚದ ಕೆಳ ಅಂಚು ಸೊಂಟದ ಸಣ್ಣ ಭಾಗದಲ್ಲಿ ಕೂರಬೇಕು. ಒಂದೆರಡು ಅಂಗುಲ ಕೆಳಗಿಳಿದರೆ ತೊಟ್ಟವನು ಬಗ್ಗಲಾರ. ಆಮೇಲೆ ದಪ್ಪ ರಟ್ಟಿನಲ್ಲಿ ಇಡೀ ಕವಚವನ್ನು ಕತ್ತರಿಸಿ ಜೋಡಿಸಿ, ಮೈಗೆ ಕಟ್ಟಿ, ಕೈ ಎತ್ತಿ, ಕುಕ್ಕರಗಾಲಿನಲ್ಲಿ ಕುಳಿತು ನೋಡಬೇಕು. ದರ್ಜಿಯ ಕೆಲಸವೂ ಕಮ್ಮಾರನ ಕೆಲಸವೂ ಇಲ್ಲಿ ಒಂದಾಗುತ್ತವೆ.

ಮೂರನೆಯದು ತಗಡು. ನಮ್ಮ ವರ್ಕ್‌ಶಾಪುಗಳಲ್ಲಿ ಎಂ.ಎಸ್. ಶೀಟ್ ಎಂದು ಕರೆಯುವ ಮೆದು ಉಕ್ಕಿನ ತಗಡನ್ನೇ ಹೆಚ್ಚಿನವರು ಬಳಸುತ್ತಾರೆ. ಕೈಕಾಲುಗಳಿಗೆ 18 ಗೇಜ್, ಅಂದರೆ ಸುಮಾರು 1.2 ಮಿಲಿಮೀಟರ್, ಎದೆಗೆ 16 ಗೇಜ್, ಶಿರಸ್ತ್ರಾಣಕ್ಕೆ 14 ಗೇಜ್, ಅಂದರೆ ಸುಮಾರು 2 ಮಿಲಿಮೀಟರ್. ಸತು ಲೇಪಿಸಿದ ಜಿ.ಐ. ಶೀಟ್ ಮಾತ್ರ ಕೂಡದು. ಅದನ್ನು ಕಾಯಿಸಿದಾಗ ಏಳುವ ಸತುವಿನ ಹೊಗೆ ಕುಡಿದವರಿಗೆ ಜ್ವರ ತರುತ್ತದೆ.

ತಗಡಿಗೆ ಉಬ್ಬು ತರುವ ದಾರಿಗಳು ಮುಖ್ಯವಾಗಿ ಎರಡು. ಮರದ ಕೊರಡಿನಲ್ಲಿ ತಟ್ಟೆಯಂತೆ ತೋಡಿದ ಗುಳಿಯ ಮೇಲೆ ತಗಡಿಟ್ಟು ಒಳಗಿನಿಂದ ಬಡಿಯುವುದು ಒಂದು. ಆಗ ತಗಡು ಹಿಗ್ಗಿ ಮಧ್ಯದಲ್ಲಿ ತೆಳುವಾಗುತ್ತದೆ. ದುಂಡು ತಲೆಯ ಕಬ್ಬಿಣದ ಗೂಟದ ಮೇಲೆ ತಗಡನ್ನು ಕವುಚಿ ಹಾಕಿ ಹೊರಗಿನಿಂದ ಸುತ್ತ ಸಾಲುಸಾಲಾಗಿ ಬಡಿಯುವುದು ಇನ್ನೊಂದು. ಆಗ ತಗಡು ಒಳಕ್ಕೆ ಕುಗ್ಗಿ ದಪ್ಪವಾಗುತ್ತದೆ. ನಮ್ಮಲ್ಲಿ ತಾಮ್ರದ ಕೊಡ, ಹಂಡೆ ತಟ್ಟುವವರು ಮಾಡುವುದೂ ಇದನ್ನೇ. ಬಡಿದಷ್ಟೂ ಉಕ್ಕು ಬಿರುಸಾಗುತ್ತದೆ, ಇನ್ನೂ ಬಡಿದರೆ ಸೀಳುತ್ತದೆ. ಆದ್ದರಿಂದ ಮಧ್ಯೆ ಮಧ್ಯೆ ಕೆಂಪಗೆ ಕಾಯಿಸಿ ನಿಧಾನವಾಗಿ ಆರಲು ಬಿಟ್ಟು ಮತ್ತೆ ಮೆದು ಮಾಡಬೇಕು. ಕೊನೆಗೆ ನುಣುಪಾದ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಮೇಲ್ಮೈ ಸಮ ಮಾಡಬೇಕು. ದೊಡ್ಡ ಪೆಟ್ಟುಗಳು ಕೆಲವು ಗಂಟೆಗಳಲ್ಲಿ ಮುಗಿಯುತ್ತವೆ, ಈ ಸಣ್ಣ ಪೆಟ್ಟುಗಳು ದಿನಗಟ್ಟಲೆ ಹಿಡಿಯುತ್ತವೆ. ಕಿವಿಗೂ ಕಣ್ಣಿಗೂ ರಕ್ಷಣೆ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಎಲ್ಲಕ್ಕಿಂತ ಕಷ್ಟ ಕೀಲುಗಳದು. ಮೊಣಕಾಲಿನಲ್ಲಿ ಬಟ್ಟಲಿನಂಥ ಒಂದು ತುಂಡು, ಅದರ ಮೇಲೂ ಕೆಳಗೂ ಕಿರಿದಾದ ಪಟ್ಟಿಗಳು, ಎಲ್ಲವೂ ಸೀಗಡಿಯ ಚಿಪ್ಪಿನಂತೆ ಒಂದರ ಕೆಳಗೆ ಒಂದು ಸರಿಯಬೇಕು. ಕೆಲವು ರಿವೆಟ್‌ಗಳು ತಿರುಗುತ್ತವೆ, ಕೆಲವು ಉದ್ದನೆಯ ತೂತಿನಲ್ಲಿ ಜಾರುತ್ತವೆ, ಕೆಲವು ಕಡೆ ಒಳಗಿನ ಚರ್ಮದ ಪಟ್ಟಿ ತಗಡುಗಳನ್ನು ಹಿಡಿದಿಡುತ್ತದೆ. ರಿವೆಟ್ಟಿನ ತೂತು ಎರಡು ಮೂರು ಮಿಲಿಮೀಟರ್ ಆಚೀಚೆ ಆದರೂ ಮೊಣಕಾಲು ಅರ್ಧಕ್ಕೇ ನಿಲ್ಲುತ್ತದೆ ಅಥವಾ ಮಡಿಸಿದಾಗ ಸಂದು ಬಿಟ್ಟು ಮಾಂಸ ಕಾಣುತ್ತದೆ. ಅಂದಿನ ಯೋಧನಿಗೆ ಆ ಸಂದು ಪ್ರಾಣದ ಪ್ರಶ್ನೆಯಾಗಿತ್ತು.

ಕೈ ಕಲಿಸಿದ ಪಾಠಗಳು

ಹೀಗೆ ಮಾಡಿ ತೊಟ್ಟು ನೋಡಿದವರು ಇತಿಹಾಸಕ್ಕೆ ಏನು ಕೊಟ್ಟರು?

ಮೊದಲನೆಯದಾಗಿ, ಭಾರದ ಸುಳ್ಳು ಬಯಲಾಯಿತು. ಯುದ್ಧದ ಪೂರ್ಣ ಕವಚದ ತೂಕ ಸಾಮಾನ್ಯವಾಗಿ 20ರಿಂದ 25 ಕಿಲೋ. ಅಂದರೆ ನಮ್ಮ ಅಂಗಡಿಗಳಲ್ಲಿ ಸಿಗುವ 25 ಕಿಲೋ ಅಕ್ಕಿ ಚೀಲದಷ್ಟು. ಅದೇ ಚೀಲವನ್ನು ಒಂದು ಹೆಗಲ ಮೇಲೆ ಹೊತ್ತರೆ ಸೋತುಹೋಗುತ್ತೇವೆ. ಅಷ್ಟೇ ತೂಕ ತಲೆ, ಹೆಗಲು, ಸೊಂಟ, ತೊಡೆ, ಪಾದಗಳಿಗೆಲ್ಲ ಹಂಚಿಹೋದರೆ ತಾಳಬಹುದು. ಸ್ವಿಟ್ಜರ್ಲೆಂಡಿನ ಇತಿಹಾಸಕಾರ ಡೇನಿಯಲ್ ಜಾಕೆ 15ನೆಯ ಶತಮಾನದ ಮಾದರಿಯಲ್ಲಿ ತಮ್ಮ ಮೈಯಳತೆಗೆ ಮಾಡಿಸಿದ ಕವಚ ತೊಟ್ಟು ಓಡಿದರು, ಏಣಿ ಹತ್ತಿದರು, ಬಿದ್ದು ಎದ್ದರು. ರಾಟೆಯ ಕಥೆಗೆ ಅಲ್ಲಿ ಜಾಗ ಉಳಿಯಲಿಲ್ಲ.

ಎರಡನೆಯದಾಗಿ, ಕವಚಕ್ಕೆ ತೆರಬೇಕಾದ ಬೆಲೆಯೂ ತಿಳಿಯಿತು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಗ್ರಹಾಂ ಆಸ್ಕ್ಯೂ ಮತ್ತು ಸಂಗಡಿಗರು ಪ್ರತಿಕೃತಿ ಕವಚ ತೊಟ್ಟು ಅಭ್ಯಾಸವಿದ್ದವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಓಡಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ನಡೆಯುವಾಗ ಕವಚವಿಲ್ಲದವನಿಗಿಂತ 2.1ರಿಂದ 2.3 ಪಟ್ಟು, ಓಡುವಾಗ ಸುಮಾರು 1.9 ಪಟ್ಟು ಶಕ್ತಿ ಬೇಕಾಯಿತು. ಕಾಲುಗಳ ಮೇಲೆ ಕಟ್ಟಿದ ಉಕ್ಕನ್ನು ಪ್ರತಿ ಹೆಜ್ಜೆಗೂ ಎತ್ತಬೇಕಾದುದು ಇದಕ್ಕೆ ದೊಡ್ಡ ಕಾರಣ. ಎದೆಯ ಸುತ್ತ ತಗಡು ಇರುವುದರಿಂದ ಉಸಿರು ಆಳವಾಗಿ ಎಳೆಯಲಾಗದೆ ಮೇಲಿಂದ ಮೇಲೆ ಎಳೆಯಬೇಕಾಗುತ್ತದೆ. 1415ರ ಅಜಿನ್‌ಕೋರ್ ಯುದ್ಧದಲ್ಲಿ ಕೆಸರುಗದ್ದೆ ದಾಟಿ ಬಂದ ಫ್ರೆಂಚ್ ಯೋಧರು ಶತ್ರುವನ್ನು ಮುಟ್ಟುವ ಹೊತ್ತಿಗೇ ಏಕೆ ಬಸವಳಿದಿದ್ದರು ಎಂಬುದು ಇದರಿಂದ ಅರ್ಥವಾಗುತ್ತದೆ. ಒಂದು ಯುದ್ಧದ ಫಲಿತಾಂಶಕ್ಕೆ ಹೀಗೆ ದೇಹದ ಕಡೆಯಿಂದಲೂ ವಿವರಣೆ ಸಿಕ್ಕಿತು.

ಮೂರನೆಯದಾಗಿ, ಹಳೆಯ ಉಸ್ತಾದರ ಮೇಲೆ ಗೌರವ ಹೆಚ್ಚಿತು. ಇಂದಿನ ಗಿರಣಿಯ ತಗಡು ಎಲ್ಲ ಕಡೆ ಒಂದೇ ದಪ್ಪ. ಹಳೆಯ ಕವಚ ಹಾಗಲ್ಲ. ಪೆಟ್ಟು ಬೀಳುವ ಮುಂಭಾಗದಲ್ಲಿ ದಪ್ಪ, ಬದಿಗಳಲ್ಲಿ ತೆಳು. ಹೊರೆ ಹೆಚ್ಚಿಸದೆ ರಕ್ಷಣೆ ಹೆಚ್ಚಿಸುವ ಈ ಲೆಕ್ಕ ಸುತ್ತಿಗೆಯ ತುದಿಯಲ್ಲೇ ನಡೆದಿತ್ತು. ಲೋಹತಜ್ಞ ಅಲನ್ ವಿಲಿಯಮ್ಸ್ ಹಳೆಯ ಕವಚಗಳ ಲೋಹವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ 2003ರಲ್ಲಿ ಬೃಹತ್ ಗ್ರಂಥ ಪ್ರಕಟಿಸಿದರು. ಒಳ್ಳೆಯ ಕುಶಲಕರ್ಮಿಗಳು ಉಕ್ಕನ್ನು ಕಾಸಿ, ತಣಿಸಿ, ಹದವಾಗಿ ಗಟ್ಟಿ ಮಾಡಿದ್ದರೆಂದೂ ಅಗ್ಗದ ಕವಚಗಳು ಬರಿಯ ಕಬ್ಬಿಣವೇ ಆಗಿದ್ದವೆಂದೂ ಅವರ ಅಧ್ಯಯನ ತೋರಿಸಿತು. ಉಷ್ಣಮಾಪಕವಿಲ್ಲದ ಕಾಲದಲ್ಲಿ ಆ ಹದ ಹಿಡಿಯಲು ಕಾದ ಉಕ್ಕಿನ ಬಣ್ಣವನ್ನು ಕಣ್ಣಿನಿಂದ ಓದಬೇಕಿತ್ತು.

ನಮ್ಮ ದಖ್ಖನ್ನಿನಲ್ಲಿ

ಭಾರತದಲ್ಲಿ ಕವಚ ಬೇರೆ ದಾರಿ ಹಿಡಿಯಿತು. ಇಲ್ಲಿ ಜಿರಹ್ ಕೊನೆಯವರೆಗೂ ಉಳಿಯಿತು. ಅದರ ನಡುವೆಯೇ ಎದೆ, ಬೆನ್ನುಗಳಿಗೆ ತಗಡುಗಳನ್ನು ಸೇರಿಸಿ ಹೆಣೆದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಬಾದಶಹ ಶಹಜಹಾನನ ಹೆಸರು ಹೊತ್ತ, 1632-33ರ ಕಾಲದ ಇಂಥ ಕವಚವೊಂದಿದೆ. ಎದೆ, ಬೆನ್ನು ಮತ್ತು ಎರಡು ಪಕ್ಕೆಗಳಿಗೆ ಒಂದೊಂದರಂತೆ ನಾಲ್ಕು ತಗಡುಗಳನ್ನು ಕಟ್ಟುವ ಕವಚಕ್ಕೆ ‘ಚಾರ್ ಆಈನಾ’, ಅಂದರೆ ನಾಲ್ಕು ಕನ್ನಡಿ, ಎಂಬ ಸುಂದರ ಹೆಸರಿತ್ತು. ತಲೆಗೆ ಖೂದ್, ಕೈಗೆ ದಸ್ತಾನಾ. ಕವಚಕ್ಕೆ ಬಕ್ತರ್ ಎಂಬ ಪದವೂ ಇದೆ. ಉರ್ದು ಪತ್ರಿಕೆಗಳು ಸೈನ್ಯದ ಉಕ್ಕಿನ ವಾಹನವನ್ನು ಇಂದಿಗೂ ‘ಬಕ್ತರ್‌ಬಂದ್ ಗಾಡಿ’ ಎಂದೇ ಬರೆಯುತ್ತವೆ.

ಬಿಜಾಪುರದ ಆದಿಲ್ ಶಾಹಿಗಳ ರಾಜ್ಯ 1686ರಲ್ಲಿ ಮೊಘಲರ ವಶವಾಯಿತು. ಅದಾದ ಕೆಲವೇ ವರ್ಷಗಳಲ್ಲಿ ಆದಿಲ್ ಶಾಹಿಗಳ ಪ್ರಬಲ ಕೋಟೆಯಾಗಿದ್ದ ಆದೋನಿಯೂ ಬಿತ್ತು. ಔರಂಗಜೇಬನ ಸೈನ್ಯದಲ್ಲಿದ್ದ ಬಿಕಾನೇರಿನ ಮಹಾರಾಜ ಅನೂಪ್ ಸಿಂಗ್ ಅಲ್ಲಿಂದ ಶಸ್ತ್ರ ಮತ್ತು ಕವಚಗಳನ್ನು ತನ್ನ ಊರಿಗೆ ಕೊಂಡೊಯ್ದ. ಅವು ಆದೋನಿಯಿಂದ ಬಂದವೆಂದು ದೇವನಾಗರಿ ಅಕ್ಷರಗಳಲ್ಲಿ ಕೊರೆಸಲಾಯಿತು. ಆ ಬರಹವಿದ್ದುದರಿಂದಲೇ ಇಂದು ಲೋಕದ ಬೇರೆ ಬೇರೆ ಸಂಗ್ರಹಾಲಯಗಳಲ್ಲಿರುವ ಆ ವಸ್ತುಗಳು ದಖ್ಖನ್ನಿನವು ಎಂದು ಗುರುತಿಸಲು ಸಾಧ್ಯವಾಗಿದೆ. ಆದರೆ ಗೆದ್ದವನ ಹೆಸರು ಲೋಹದ ಮೇಲೆ ಉಳಿಯಿತು, ಆ ಬಳೆಗಳನ್ನು ಹೆಣೆದ ಕೈಗಳ ಹೆಸರು ಉಳಿಯಲಿಲ್ಲ.

ನಮ್ಮ ಮನೆಗಳಲ್ಲಿರುವ ಹುನರ್

ವಿದ್ಯಾರ್ಥಿ ಮಿತ್ರರೇ, ನಮ್ಮ ಊರಿನ ಯಾವುದೇ ಗ್ಯಾರೇಜು ಸಾಲಿಗೆ ಹೋಗಿ ನೋಡಿ. ‘ಟಿಂಕರಿಂಗ್ ವರ್ಕ್ಸ್’ ಎಂಬ ಬೋರ್ಡಿನ ಕೆಳಗೆ ಒಬ್ಬರು ನಜ್ಜುಗುಜ್ಜಾದ ಕಾರಿನ ಬಾಗಿಲನ್ನು ಒಂದು ಕೈಯಲ್ಲಿ ಡಾಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಸಮ ಮಾಡುತ್ತಿರುತ್ತಾರೆ. ಆಗ್ಸ್‌ಬರ್ಗಿನ ಉಸ್ತಾದನು ಎದೆಗವಚಕ್ಕೆ ಕೊನೆಯ ಹದ ಕೊಟ್ಟದ್ದೂ ಇಂಥ ಕೈಯಿಂದಲೇ. ಕಲಾಯಿ ಹಾಕುವವರು, ಬೀಗ ರಿಪೇರಿಯವರು, ಟ್ರಂಕ್ ಮಾಡುವವರು, ವೆಲ್ಡಿಂಗಿನವರು, ಬೀದರಿನ ಬಿದ್ರಿ ಕುಶಲಕರ್ಮಿಗಳು, ಇವರೆಲ್ಲರ ಕೈಯಲ್ಲೂ ಪುಸ್ತಕದಲ್ಲಿ ಇಲ್ಲದ ಜ್ಞಾನವಿದೆ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಉಳಿದ ಎಷ್ಟೋ ಕಸುಬುಗಳಿಗೆ ಹೆಸರೂ ದಾಖಲೆಯೂ ಇಲ್ಲ. ಈಗ ಎಷ್ಟೋ ಕಡೆ ನಜ್ಜಾದ ಬಾಗಿಲನ್ನು ಬಡಿದು ಸರಿ ಮಾಡುವ ಬದಲು ಹೊಸ ಬಾಗಿಲನ್ನೇ ಕೂರಿಸುತ್ತಾರೆ. ಕಲಾಯಿಯವರ ಕೂಗು ಬೀದಿಗಳಲ್ಲಿ ಅಪರೂಪವಾಗಿದೆ. 17ನೆಯ ಶತಮಾನದ ಕವಚಗಾರರಿಗೆ ಆದದ್ದೇ ಇವರಿಗೂ ಆಗುತ್ತಿದೆ.

ಶಿಕ್ಷಕ ವೃತ್ತಿಯಲ್ಲಿ ಕಾಣುವ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ‘ಟಿಂಕರಿಂಗ್’ ಎಂದು ಬರೆಯಲು ಕೆಲವು ಮಕ್ಕಳು ನಾಚಿ ‘ಬಿಸಿನೆಸ್’ ಎಂದು ಬರೆಯುತ್ತಾರೆ. ಅವರು ನಾಚಬೇಕಾದುದು ಏನೂ ಇಲ್ಲ. ಕೈ ಕೆಲಸ ಒಂದು ಕಡೆ, ಓದು ಇನ್ನೊಂದು ಕಡೆ ಎಂದು ನಾವು ಹಿರಿಯರೇ ಗೋಡೆ ಕಟ್ಟಿದ್ದೇವೆ. ಹಾಗೆಂದು ಮಕ್ಕಳನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಕಳುಹಿಸಿ ಎಂಬುದು ಈ ಮಾತಿನ ಅರ್ಥ ಖಂಡಿತ ಅಲ್ಲ. ಓದು ಬಾರದ ಉಸ್ತಾದನ ವಿದ್ಯೆಯೇ ಅಲ್ಲವೇ ಅವನೊಂದಿಗೆ ಮಣ್ಣಾದದ್ದು? ಅಬ್ಬಾರ ಕೈಯಲ್ಲಿರುವ ಹುನರನ್ನು ಬರೆದಿಡಲು ಬೇಕಾದದ್ದು ಮಗನ, ಮಗಳ ಅಕ್ಷರ. ಕಸುಬಿನ ಮನೆಯ ಮಗು ಚೆನ್ನಾಗಿ ಓದಬೇಕಾದ ಕಾರಣಗಳಲ್ಲಿ ಇದೂ ಒಂದು.

ಆದ್ದರಿಂದ ಒಂದು ಸಲಹೆ. ಈ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ನೋಟ್‌ಬುಕ್ ತೆಗೆದುಕೊಂಡು ಮನೆಯ ಅಥವಾ ಮೊಹಲ್ಲಾದ ಒಬ್ಬ ಹಿರಿಯ ಕುಶಲಕರ್ಮಿಯ ಬಳಿ ಕುಳಿತುಕೊಳ್ಳಲಿ. ಅಬ್ಬಾ ಆಗಬಹುದು, ನಾನಾ ಆಗಬಹುದು, ಜರಿ ಕೆಲಸ ಮಾಡುವ ನಾನಿಯೂ ಆಗಬಹುದು. ಕೇಳಬೇಕಾದ ಪ್ರಶ್ನೆಗಳು ಸರಳ. ಈ ಸಲಕರಣೆಯ ಹೆಸರೇನು? ಇದನ್ನು ಹೀಗೆಯೇ ಏಕೆ ಹಿಡಿಯಬೇಕು? ಹದ ಬಂದದ್ದು ಹೇಗೆ ತಿಳಿಯುತ್ತದೆ? ಹೊಸಬರು ಎಲ್ಲಿ ತಪ್ಪುತ್ತಾರೆ? ನಿಮಗೆ ಕಲಿಸಿದವರು ಯಾರು? ಉತ್ತರಗಳನ್ನು ಅವರು ಹೇಳಿದ ಮಾತಿನಲ್ಲೇ, ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ, ಬರೆದುಕೊಳ್ಳಿ. ಸಲಕರಣೆಯ ಚಿತ್ರ ಬಿಡಿಸಿ, ಅಳತೆ ಹಾಕಿ. ಕಲಿಸಿದ ಉಸ್ತಾದರ ಹೆಸರನ್ನು ಮರೆಯದೆ ದಾಖಲಿಸಿ. ನಮ್ಮ ಸಂಘದ ಮುಂದಿನ ವಾರ್ಷಿಕ ಸಂಚಿಕೆಗಳಲ್ಲಿ ಅಂಥ ಬರಹಗಳಿಗೆ ನಾಲ್ಕು ಪುಟ ಮೀಸಲಿಡುವಂತೆ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ಯುರೋಪಿನವರು ಕಳೆದುಕೊಂಡ ಒಂದು ಕಸುಬನ್ನು ಗೋರಿಯ ಪ್ರತಿಮೆಗಳಿಂದ, ಹೆಣಗಳ ಗುಂಡಿಗಳಿಂದ, ತುಕ್ಕು ಹಿಡಿದ ತಗಡುಗಳಿಂದ ಮತ್ತೆ ಕಟ್ಟಲು ನೂರು ವರ್ಷ ಸುತ್ತಿಗೆ ಬೀಸಬೇಕಾಯಿತು. ನಮ್ಮ ಉಸ್ತಾದರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಅವರನ್ನು ಕೇಳಿ ಬರೆದಿಡುವ ಕೆಲಸ ಈ ವರ್ಷವೇ ಆರಂಭವಾಗಲಿ.